ಅವರ ಮಾತನ್ನು ಕೇಳಿಸಿಕೊಳ್ಳುವವರು ಬೇಕಾಗಿದ್ದಾರೆ



ಪಿಯುಸಿ ಫಲಿತಾಂಶ ಬಂತೆಂದರೆ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ. “ಮಗಳನ್ನು ಮುಂದೆ ಏನು ಓದಿಸೋದು?” ಉತ್ತರಗಳೂ ಹೆಚ್ಚೇನಿಲ್ಲ. ಟೀಚರ್ ಆಗಲಿ, ನರ್ಸ್ ಆಗಲಿ, ಬಿ.ಕಾಂ. ಮಾಡಲಿ. ಸ್ವಲ್ಪ ಅನುಕೂಲಸ್ಥರಾದರೆ ಡಾಕ್ಟರ್, ಇಂಜಿನಿಯರ್. ಊರ್ಡಿಗೆರೆಯಿಂದ ದಿನಾ ಬೆಳಿಗ್ಗೆ ತುಮಕೂರಿನ ಬಸ್ಸು ಹತ್ತುವ ಹೆಣ್ಣುಮಕ್ಕಳನ್ನು ಮಾತನಾಡಿಸಿ ನೋಡಿ. ಹತ್ತರಲ್ಲಿ ಒಂಬತ್ತು ಮಂದಿ ಇವುಗಳಲ್ಲಿ ಒಂದನ್ನು ಹೇಳುತ್ತಾರೆ. ಈ ಯಾವ ಕೆಲಸವೂ ಸಣ್ಣದಲ್ಲ. ಆದರೆ ಪಟ್ಟಿ ಇಷ್ಟಕ್ಕೇ ಮುಗಿಯಬೇಕೇ?

ಹೋದ ವರ್ಷ ಒಬ್ಬ ವಿದ್ಯಾರ್ಥಿನಿ ತರಗತಿಯಲ್ಲಿ ಕೇಳಿದಳು: “ಮಿಸ್, ಮನೆ ಮಠ ಬಿಟ್ಟು ಓಡಿ ಬಂದವರನ್ನು ಟಿವಿಯಲ್ಲಿ ತೋರಿಸುತ್ತಾರಲ್ಲ, ಅವರು ಹೇಳೋದು ನಿಜವೋ ಸುಳ್ಳೋ ಅಂತ ತೀರ್ಮಾನ ಮಾಡುವವರು ಯಾರು? ಅವರ ಪರವಾಗಿ ಮಾತನಾಡುವವರು ಯಾರು?” ಪ್ರಶ್ನೆ ಸಣ್ಣದಲ್ಲ. ಜಗತ್ತಿನಲ್ಲಿ ಇದೇ ಕೆಲಸ ಮಾಡಿ ಬದುಕುವ ಸಾವಿರಾರು ಜನ ಇದ್ದಾರೆ. ಅವರಲ್ಲಿ ಹೆಂಗಸರು ಬಹಳ. ಈ ತಿಂಗಳು ಆ ಉದ್ಯೋಗದ ಬಗ್ಗೆ ನಿಮ್ಮೊಂದಿಗೆ ಮಾತನಾಡೋಣ ಎಂದುಕೊಂಡಿದ್ದೇನೆ.

ನಮಗೆ ಗೊತ್ತಿರುವ ಮೊದಲ ವಿಚಾರಣೆ

ಈ ಕೆಲಸ ನಮಗೆ ಹೊಸದು ಎಂದು ಹೇಳುವ ಮೊದಲು ನಾವು ಮಕ್ಕಳಿಗೆ ಹೇಳುವ ಸೀರತ್‌ನ ಕಥೆಯೊಂದನ್ನು ನೆನಪಿಸಿಕೊಳ್ಳಿ. ಮಕ್ಕಾದಲ್ಲಿ ಹಿಂಸೆ ತಾಳಲಾರದೆ ಮುಸ್ಲಿಮರ ಒಂದು ಗುಂಪು ಕಡಲು ದಾಟಿ ಹಬಶಕ್ಕೆ, ಅಂದರೆ ಅಬಿಸೀನಿಯಾಕ್ಕೆ ಹೋಯಿತು. ಕ್ರಿ.ಶ. 615ರ ಸುಮಾರಿನ ಮಾತು. ಅವರನ್ನು ಹಿಂದಕ್ಕೆ ಎಳೆತರಲು ಕುರೈಶರು ಇಬ್ಬರು ದೂತರನ್ನು ಕಳಿಸಿದರು. ಕೈತುಂಬ ಉಡುಗೊರೆ ಕೊಟ್ಟು ಆಸ್ಥಾನದವರನ್ನು ಮೊದಲೇ ಒಲಿಸಿಕೊಂಡರು. ಅವರ ಬೇಡಿಕೆ ಏನಿತ್ತು? ಈ ಜನರನ್ನು ಮಾತನಾಡಿಸುವ ಗೊಡವೆಗೇ ಹೋಗದೆ ನಮ್ಮ ಕೈಗೆ ಒಪ್ಪಿಸಿಬಿಡಿ ಎಂಬುದು.

ನಜ್ಜಾಶಿ ದೊರೆ ಒಪ್ಪಲಿಲ್ಲ. ನನ್ನ ನೆಲಕ್ಕೆ ಆಸರೆ ಬೇಡಿ ಬಂದವರನ್ನು ಕರೆಸಿ, ಅವರ ಮಾತನ್ನೂ ಕೇಳದೆ ಒಪ್ಪಿಸುವುದಿಲ್ಲ ಎಂದ. ಜಅಫರ್ ಇಬ್ನು ಅಬೀ ತಾಲಿಬ್(ರ) ಎಲ್ಲರ ಪರವಾಗಿ ಮಾತನಾಡಿದರು. ದೊರೆ ಕೇಳಿದ, ಮರುಪ್ರಶ್ನೆ ಹಾಕಿದ, ತೀರ್ಮಾನ ಕೊಟ್ಟ. ಉಡುಗೊರೆಗಳನ್ನು ವಾಪಸ್ ಮಾಡಿದ. ದೊರೆ ಕ್ರೈಸ್ತ, ಬಂದವರು ಮುಸ್ಲಿಮರು ಎಂಬುದನ್ನೂ ಗಮನಿಸಿ.

ಇನ್ನೊಂದು ವಿಷಯ. ಈ ಘಟನೆ ನಮಗೆ ಇಷ್ಟು ವಿವರವಾಗಿ ಗೊತ್ತಾದದ್ದು ಯಾರಿಂದ? ಉಮ್ಮು ಸಲಮಾ(ರ) ಅವರಿಂದ. ಅವರೂ ಆ ನಿರಾಶ್ರಿತರಲ್ಲಿ ಒಬ್ಬರು. ಒಬ್ಬ ಹೆಂಗಸಿನ ಹೇಳಿಕೆಯೇ ಇಂದು ನಮ್ಮ ಕೈಯಲ್ಲಿರುವ ದಾಖಲೆ.

ಇಂದಿನ ಭಾಷೆಯಲ್ಲಿ ಹೇಳುವುದಾದರೆ ಜಅಫರ್ ಅವರು ಮಾಡಿದ್ದು ನಿರಾಶ್ರಿತರ ಪರ ವಕಾಲತ್ತು. ನಜ್ಜಾಶಿ ಮಾಡಿದ್ದು ನ್ಯಾಯನಿರ್ಣಯ. ಈ ಎರಡು ಕೆಲಸಗಳೇ ಇಂದು ಎರಡು ವೃತ್ತಿಗಳಾಗಿವೆ.

ನಿರಾಶ್ರಿತರು ಎಂದರೆ ಯಾರು?

ಕೂಲಿ ಅರಸಿ ಬಂದವರೆಲ್ಲ ನಿರಾಶ್ರಿತರಲ್ಲ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ದುಡಿಯುವ ಬಿಹಾರ, ಒಡಿಶಾದ ಹುಡುಗರು ವಲಸೆ ಕಾರ್ಮಿಕರು. ಅವರು ಇದೇ ದೇಶದ ಪ್ರಜೆಗಳು. ಬೇಕೆಂದಾಗ ಊರಿಗೆ ಹೋಗಬಲ್ಲರು. ನಿರಾಶ್ರಿತರು ಹಾಗೆ ಹೋಗಲಾರರು. 1951ರ ಜುಲೈನಲ್ಲಿ ಜಿನೀವಾದಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದದ ಪ್ರಕಾರ ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಸಾಮಾಜಿಕ ಗುಂಪಿಗೆ ಸೇರಿರುವುದು ಅಥವಾ ರಾಜಕೀಯ ಅಭಿಪ್ರಾಯ, ಈ ಐದರಲ್ಲಿ ಒಂದರ ಕಾರಣಕ್ಕೆ ಹಿಂಸೆಯ ಭಯ ಇರಬೇಕು. ಆ ಭಯಕ್ಕೆ ಆಧಾರ ಇರಬೇಕು. ಅಂಥವರು ತಮ್ಮ ದೇಶದ ಹೊರಗಿದ್ದು, ಅದರ ರಕ್ಷಣೆ ಪಡೆಯಲಾಗದಿದ್ದರೆ ನಿರಾಶ್ರಿತರು. ಜೀವಕ್ಕೆ ಅಪಾಯ ಇರುವ ಜಾಗಕ್ಕೆ ಅವರನ್ನು ವಾಪಸ್ ತಳ್ಳಬಾರದು ಎಂಬುದು ಆ ಒಪ್ಪಂದದ ತಿರುಳು.

ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನ್ ಕೊಟ್ಟ ಲೆಕ್ಕದಂತೆ 2024ರ ಕೊನೆಗೆ ಜಗತ್ತಿನಲ್ಲಿ ಬಲವಂತವಾಗಿ ನೆಲೆ ಕಳೆದುಕೊಂಡವರು 12.32 ಕೋಟಿ ಮಂದಿ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಅಂದರೆ ಎರಡು ಕರ್ನಾಟಕಗಳಷ್ಟು ಜನ! ಅವರಲ್ಲಿ 7.35 ಕೋಟಿ ಮಂದಿ ತಮ್ಮ ದೇಶದೊಳಗೇ ಬೇರೆ ಕಡೆಗೆ ಓಡಿದವರು. ಉಳಿದವರಲ್ಲಿ ಹೆಚ್ಚಿನವರು ಗಡಿ ದಾಟಿದವರು.

ದೂರದ ಮಾತು ಬೇಡ, ನಮ್ಮ ರಾಜ್ಯವನ್ನೇ ನೋಡೋಣ

ಇದೆಲ್ಲ ಸಿರಿಯಾ, ಸುಡಾನಿನ ಸುದ್ದಿ, ನಮಗೇನು ಎಂದು ನೀವು ಕೇಳಬಹುದು. ಮೈಸೂರಿನಿಂದ ಮಡಿಕೇರಿಗೆ ಹೋಗುವಾಗ ಕುಶಾಲನಗರಕ್ಕೆ ಮೊದಲು ಬೈಲಕುಪ್ಪೆ ಸಿಗುತ್ತದೆ. ಟಿಬೆಟ್ಟಿನಿಂದ ಓಡಿ ಬಂದವರಿಗೆ 1960ರಲ್ಲಿ ಅಂದಿನ ಮೈಸೂರು ರಾಜ್ಯ ಅಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಹಿಮದ ನಾಡಿನ ಜನ ಇಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಆಮೇಲೆ 1966ರಲ್ಲಿ ಮುಂಡಗೋಡು, ನಂತರ ಹುಣಸೂರು ತಾಲ್ಲೂಕಿನ ಗುರುಪುರ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯ. ಅವರ ಗುರು ದಲೈ ಲಾಮಾ 2017ರ ಡಿಸೆಂಬರ್‌ನಲ್ಲಿ ನಮ್ಮ ತುಮಕೂರು ವಿಶ್ವವಿದ್ಯಾಲಯಕ್ಕೂ ಬಂದಿದ್ದರು. ನಿರಾಶ್ರಿತರಿಗೆ ಜಾಗ ಕೊಟ್ಟ ರಾಜ್ಯ ನಮ್ಮದು ಎಂದು ಹೆಮ್ಮೆಯಿಂದ ಹೇಳಬಹುದು.

ರಾಯಚೂರು ಜಿಲ್ಲೆಯ ಸಿಂಧನೂರಿನಲ್ಲಿ ಅಂದಿನ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳ ಪುನರ್ವಸತಿ ಕ್ಯಾಂಪುಗಳಿವೆ. ಸುಳ್ಯ, ಪುತ್ತೂರಿನ ಕಡೆ ಸರ್ಕಾರಿ ರಬ್ಬರ್ ತೋಟಗಳಲ್ಲಿ ತಮಿಳು ಮಾತನಾಡುವ ಹೆಂಗಸರು ಮುಂಜಾನೆ ಕತ್ತಲಲ್ಲೇ ಮರ ಕೊಯ್ಯಲು ಹೊರಡುತ್ತಾರೆ. ಅವರ ಹಿರಿಯರು ಶ್ರೀಲಂಕಾದಿಂದ ಬಂದವರು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ ಭಾರತ 5.25 ಲಕ್ಷ ಜನರನ್ನು ವಾಪಸ್ ಕರೆಸಿಕೊಳ್ಳಲು ಒಪ್ಪಿತ್ತು. ಕಾನೂನಿನ ಪ್ರಕಾರ ಇವರು ನಿರಾಶ್ರಿತರಲ್ಲ, ಮರಳಿ ಬಂದವರು. ಒಂದು ಪದದ ವ್ಯತ್ಯಾಸ. ಆದರೆ ಆ ಒಂದು ಪದದ ಮೇಲೆ ಪೌರತ್ವ, ಮನೆ, ಕೆಲಸ ಎಲ್ಲವೂ ನಿಂತಿದೆ.

ಬೆಂಗಳೂರಿನ ಹೊರವಲಯದಲ್ಲಿ ಚಿಂದಿ ಆಯ್ದು ಬದುಕುವ ರೊಹಿಂಗ್ಯಾ ಕುಟುಂಬಗಳಿವೆ. ಇನ್ನು ತುಮಕೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ನೆಲಮಂಗಲ ಇದೆಯಲ್ಲ, ಆ ತಾಲ್ಲೂಕಿನ ಸೊಂಡೆಕೊಪ್ಪದಲ್ಲಿ ದಾಖಲೆ ಇಲ್ಲದ ವಿದೇಶೀಯರನ್ನು ಇರಿಸುವ ಕೇಂದ್ರ ಮಾಡಿದರು. ಮೊದಲು ಅದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಕಟ್ಟಡ. ನಮ್ಮೂರ ಬಸ್ಸು ಓಡುವ ಹೆದ್ದಾರಿಯಿಂದ ಅದು ದೂರವೇನಿಲ್ಲ.

ಕಾನೂನು ಏನು ಹೇಳುತ್ತದೆ?

1951ರ ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗಾಗಿಯೇ ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಟಿಬೆಟ್ಟಿನವರನ್ನೂ ಶ್ರೀಲಂಕಾದ ತಮಿಳರನ್ನೂ ಸರ್ಕಾರವೇ ನೋಡಿಕೊಳ್ಳುತ್ತದೆ. ಅಫ್ಘಾನಿಸ್ತಾನ, ಮ್ಯಾನ್ಮಾರ್ ಮುಂತಾದ ಕಡೆಯಿಂದ ಬಂದವರ ಅರ್ಜಿಗಳನ್ನು ವಿಶ್ವಸಂಸ್ಥೆಯ ಹೈಕಮಿಷನ್ನಿನ ದೆಹಲಿ ಕಚೇರಿ ವಿಚಾರಿಸುತ್ತಾ ಬಂದಿದೆ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಮೂರು ನೆರೆ ದೇಶಗಳಿಂದ 2014ರ ಕೊನೆಯೊಳಗೆ ಬಂದ ಆರು ಸಮುದಾಯಗಳಿಗೆ ದಾರಿ ತೆರೆಯಿತು. ಆ ಆರರಲ್ಲಿ ಮುಸ್ಲಿಮರಿಲ್ಲ. ಇದನ್ನು ಪ್ರಶ್ನಿಸಿ ಹಲವು ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋದವು. 1946ರ ವಿದೇಶೀಯರ ಕಾಯ್ದೆಯ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ಬಂದಿದೆ. ಒಂದು ವಿಷಯ ಮಾತ್ರ ಬದಲಾಗಿಲ್ಲ. ‘ನಾನು ವಿದೇಶೀಯಳಲ್ಲ’ ಎಂದು ರುಜುವಾತು ಮಾಡುವ ಹೊಣೆ ಆಗಲೂ ಆ ವ್ಯಕ್ತಿಯದೇ, ಈಗಲೂ ಆ ವ್ಯಕ್ತಿಯದೇ.

ಹಾಗಾದರೆ ವಕೀಲರು ಯಾವ ಆಧಾರದ ಮೇಲೆ ವಾದಿಸುತ್ತಾರೆ? ನಮ್ಮ ಸಂವಿಧಾನದ ಮೇಲೆ. 21ನೇ ವಿಧಿಯಲ್ಲಿ ಜೀವದ ಹಕ್ಕು ‘ಪ್ರಜೆಗೆ’ ಎಂದು ಬರೆದಿಲ್ಲ, ‘ಯಾವುದೇ ವ್ಯಕ್ತಿಗೆ’ ಎಂಬ ಅರ್ಥದಲ್ಲಿ ಬರೆದಿದೆ. ಈ ಒಂದು ಪದವನ್ನು ಹಿಡಿದು ಎಷ್ಟೋ ಜೀವಗಳನ್ನು ಉಳಿಸಿದ್ದಾರೆ. ಅರುಣಾಚಲ ಪ್ರದೇಶದಲ್ಲಿ ಚಕ್ಮಾ ಜನರನ್ನು ಊರು ಬಿಡಿಸುವ ಬೆದರಿಕೆ ಇದ್ದಾಗ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸುಪ್ರೀಂ ಕೋರ್ಟಿಗೆ ಹೋಯಿತು. 1996ರ ಜನವರಿಯಲ್ಲಿ ತೀರ್ಪು ಬಂತು. ಪ್ರಜೆಯಾಗಿರಲಿ, ಅಲ್ಲದಿರಲಿ, ಪ್ರತಿಯೊಬ್ಬರ ಜೀವ ಕಾಯುವುದು ರಾಜ್ಯದ ಕರ್ತವ್ಯ ಎಂದಿತು ಕೋರ್ಟು. ಆ ಪೀಠದ ಮುಖ್ಯಸ್ಥರು ಅಂದಿನ ಮುಖ್ಯ ನ್ಯಾಯಮೂರ್ತಿ ಎ.ಎಂ. ಅಹ್ಮದಿ. ಚಕ್ಮಾಗಳಲ್ಲಿ ಹೆಚ್ಚಿನವರು ಬೌದ್ಧರು. ನಜ್ಜಾಶಿಯ ಕಥೆಯನ್ನು ತಿರುಗಿಸಿ ಹೇಳಿದ ಹಾಗಿದೆ ಅಲ್ಲವೇ?

ಟಿಬೆಟ್ಟಿನ ಮಕ್ಕಳ ವಿಷಯವೂ ಹಾಗೆಯೇ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು ಎಂದು ಪೌರತ್ವ ಕಾಯ್ದೆ ಹೇಳುತ್ತದೆ. ಆದರೆ ಪಾಸ್‌ಪೋರ್ಟ್ ಕೇಳಲು ಹೋದವರಿಗೆ ಸಿಗುತ್ತಿರಲಿಲ್ಲ. ನಮ್‌ಗ್ಯಾಲ್ ಡೋಲ್ಕರ್ ಎಂಬ ಯುವತಿ ದೆಹಲಿ ಹೈಕೋರ್ಟಿಗೆ ಹೋಗಿ 2010ರ ಡಿಸೆಂಬರ್‌ನಲ್ಲಿ ಗೆದ್ದಳು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅದೇ ಹಾದಿಯಲ್ಲಿ ತೀರ್ಪು ಕೊಟ್ಟಿತು. 2020ರ ಮೇ ತಿಂಗಳಲ್ಲಿ ಅದೇ ಹೈಕೋರ್ಟಿನ ನ್ಯಾಯಮೂರ್ತಿ ಕೆ.ಎನ್. ಫಣೀಂದ್ರ ಅವರು ದಾಖಲೆಯಿಲ್ಲದ ವಿದೇಶೀಯರನ್ನು ಹೇಗೆ ನಡೆಸಿಕೊಳ್ಳಬೇಕು ಎಂದು ಮಾರ್ಗಸೂಚಿ ಕೊಟ್ಟರು.

ಎಲ್ಲ ತೀರ್ಪುಗಳೂ ಹೀಗೆ ಅನುಕೂಲವಾಗಿಯೇ ಬಂದಿಲ್ಲ. ರೊಹಿಂಗ್ಯಾಗಳ ಪ್ರಕರಣದಲ್ಲಿ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಈ ದೇಶದಲ್ಲಿ ನೆಲೆಸುವ ಹಕ್ಕು ಪ್ರಜೆಗಳಿಗೆ ಮಾತ್ರ, ಆದರೆ ನಿಗದಿತ ಕಾನೂನು ಕ್ರಮ ಅನುಸರಿಸದೆ ಅವರನ್ನು ಗಡೀಪಾರು ಮಾಡಬಾರದು ಎಂದಿತು. ಈ ವೃತ್ತಿಯಲ್ಲಿ ಇರುವವರು ಸೋಲುವುದನ್ನೂ ಕಲಿತಿರಬೇಕು.

ತೀರ್ಮಾನ ಹೇಗಾಗುತ್ತದೆ?

ಈಗ ಆ ವಿದ್ಯಾರ್ಥಿನಿಯ ಮೊದಲ ಪ್ರಶ್ನೆಗೆ ಬರೋಣ. ಓಡಿ ಬಂದವಳ ಕೈಯಲ್ಲಿ ಕಾಗದ ಇರುವುದಿಲ್ಲ. ಮನೆಗೆ ಬೆಂಕಿ ಬಿದ್ದಾಗ ಮಗುವನ್ನು ಎತ್ತಿಕೊಳ್ಳುತ್ತಾಳೆಯೇ, ಪೆಟ್ಟಿಗೆಯನ್ನು ಎತ್ತಿಕೊಳ್ಳುತ್ತಾಳೆಯೇ? ಹೀಗಾಗಿ ಅವಳ ಮಾತೇ ಅವಳ ಸಾಕ್ಷ್ಯ. ಮೊದಲು ಹೆಸರು ನೋಂದಣಿ. ಆಮೇಲೆ ಒಂದು ಕೋಣೆಯಲ್ಲಿ ಸಂದರ್ಶನ. ವಿಚಾರಿಸುವ ಅಧಿಕಾರಿ, ದುಭಾಷಿ, ಅರ್ಜಿದಾರಳು. ಹೆಂಗಸರು ಕೇಳಿಕೊಂಡರೆ ಅಧಿಕಾರಿಯೂ ದುಭಾಷಿಯೂ ಹೆಂಗಸರೇ ಇರಬೇಕು ಎಂಬುದು ಕ್ರಮ. ಗಂಡನ ಎದುರು, ಅಣ್ಣನ ಎದುರು ಹೇಳಲಾಗದ ಸಂಗತಿಗಳಿರುತ್ತವೆ. ಆದ್ದರಿಂದ ಅವಳನ್ನು ಬೇರೆಯಾಗಿ ವಿಚಾರಿಸುತ್ತಾರೆ. ಅವಳು ಹೇಳಿದ್ದನ್ನು ಆ ದೇಶದ ಪರಿಸ್ಥಿತಿಯ ವರದಿಗಳ ಜೊತೆ ಹೋಲಿಸುತ್ತಾರೆ. ಅರ್ಜಿ ತಿರಸ್ಕಾರವಾದರೆ ಬೇರೊಬ್ಬ ಅಧಿಕಾರಿಯ ಮುಂದೆ ಮೇಲ್ಮನವಿ.

ಇಲ್ಲಿ ಕಷ್ಟ ಎಲ್ಲಿದೆ ಗೊತ್ತೇ? ತಾರೀಕಿನಲ್ಲಿ. ನಿಮ್ಮ ಅತ್ತೆಯನ್ನು, ಅಜ್ಜಿಯನ್ನು ‘ನಿಮ್ಮ ಮೂರನೇ ಮಗ ಹುಟ್ಟಿದ್ದು ಯಾವತ್ತು?’ ಎಂದು ಕೇಳಿ ನೋಡಿ. ‘ಕೆರೆ ಕೋಡಿ ಬಿದ್ದ ವರ್ಷ, ರಜಬ್ ತಿಂಗಳಲ್ಲಿ’ ಎನ್ನುತ್ತಾರೆ. ಅದು ಸುಳ್ಳೇ? ಇವತ್ತು ಒಂದು ಹೇಳಿ, ಆರು ತಿಂಗಳ ಮೇಲೆ ಇನ್ನೊಂದು ಹೇಳಿದರೆ? ಆಗಲೂ ಸುಳ್ಳೆಂದು ಹೇಳಲಾಗದು. ಆಘಾತ ಅನುಭವಿಸಿದವರಿಗೆ ವಾಸನೆ, ಸದ್ದು, ಬಣ್ಣ ನೆನಪಿರುತ್ತದೆ. ದಿನಾಂಕ ನೆನಪಿರುವುದಿಲ್ಲ. ಇದನ್ನು ಅರಿಯದ ಅಧಿಕಾರಿ ‘ಹೇಳಿಕೆಯಲ್ಲಿ ವ್ಯತ್ಯಾಸವಿದೆ’ ಎಂದು ಬರೆದು ಒಂದು ಜೀವವನ್ನು ಸಾವಿನ ಬಾಯಿಗೆ ಕಳಿಸಬಹುದು.

ಮದ್ರಸದಲ್ಲಿ ಹದೀಸ್ ಶಾಸ್ತ್ರ ಓದಿದವರಿಗೆ ಒಂದು ಪಾಠ ನೆನಪಿರಬೇಕು. ವರದಿ ಮಾಡುವವನನ್ನು ನಮ್ಮ ವಿದ್ವಾಂಸರು ಎರಡು ಬೇರೆ ಬೇರೆ ತಕ್ಕಡಿಗಳಲ್ಲಿ ತೂಗಿದರು. ಒಂದು ಅವನ ಪ್ರಾಮಾಣಿಕತೆ, ‘ಅದಾಲತ್’. ಇನ್ನೊಂದು ಅವನ ನೆನಪಿನ ಶಕ್ತಿ, ‘ಜಬ್ತ್’. ಪ್ರಾಮಾಣಿಕನ ನೆನಪು ದುರ್ಬಲವಾಗಿರಬಹುದು. ಚೆನ್ನಾಗಿ ನೆನಪಿರುವವನು ಸುಳ್ಳು ಹೇಳಬಹುದು. ಇವೆರಡನ್ನು ಬೆರೆಸಬಾರದು. ಮರೆವು ಬೇರೆ, ಮೋಸ ಬೇರೆ. ನಿರಾಶ್ರಿತರ ವಿಚಾರಣೆ ನಡೆಸುವವರಿಗೆ ಇಂದು ತರಬೇತಿಯಲ್ಲಿ ಹೇಳಿಕೊಡುವುದು ಬಹುಮಟ್ಟಿಗೆ ಇದನ್ನೇ. ಆಲಿಮಾ ಕೋರ್ಸು ಮಾಡಿದ ಹುಡುಗಿಯರು ‘ನಮಗೆ ಹೊರಗಿನ ವಿದ್ಯೆ ಇಲ್ಲ’ ಎಂದು ಕುಗ್ಗುವುದನ್ನು ಕಾಣುತ್ತೇವೆ. ಸಾಕ್ಷ್ಯವನ್ನು ತೂಗುವ ಶಿಸ್ತು ನಿಮ್ಮ ಪಠ್ಯದಲ್ಲೇ ಇದೆ. ಅದರ ಮೇಲೆ ಒಂದು ಪದವಿ, ಒಂದು ಕಾನೂನು ಶಿಕ್ಷಣ ಸೇರಿಸಿದರೆ ಸಾಕು.

ಕೆನಡಾ ದೇಶದಲ್ಲಿ ಒಂದು ಕಾಲಕ್ಕೆ ಇಂಥ ಅರ್ಜಿಗಳನ್ನು ಕಾಗದ ನೋಡಿಯೇ ತಿರಸ್ಕರಿಸಬಹುದಿತ್ತು. ಕೆಲವರು ಕೋರ್ಟಿಗೆ ಹೋದರು. ಅವರಲ್ಲಿ ಸಿಖ್ಖರು ಇದ್ದರು. ಒಬ್ಬರ ಮಾತು ನಂಬಬೇಕೋ ಬೇಡವೋ ಎಂಬುದೇ ಪ್ರಶ್ನೆಯಾಗಿರುವಾಗ ಅವರನ್ನು ಎದುರಿಗೆ ಕೂರಿಸಿ ಕೇಳಬೇಕು ಎಂದು 1985ರ ಏಪ್ರಿಲ್ 4ರಂದು ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆಮೇಲೆ ಇದಕ್ಕಾಗಿಯೇ ಒಂದು ಪ್ರತ್ಯೇಕ ಮಂಡಳಿ ರಚನೆಯಾಯಿತು. ಏಪ್ರಿಲ್ 4 ಅಲ್ಲಿ ನಿರಾಶ್ರಿತರ ಹಕ್ಕುಗಳ ದಿನ.

ನಮಗಿಂತ ಮೊದಲು ನಡೆದವರು

‘ಹೆಂಗಸರಿಗೆ ಇದೆಲ್ಲ ಆಗುತ್ತದೆಯೇ?’ ಎನ್ನುವವರಿಗೆ ಇಬ್ಬರ ಹೆಸರು ಹೇಳುತ್ತೇನೆ.

ಒಬ್ಬರು ನಮ್ಮ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಕರಕುಶಲ ಕಲೆಗಳ ಉದ್ಧಾರಕ್ಕೆ ಅವರು ಹೆಸರುವಾಸಿ. ಆದರೆ ದೇಶ ವಿಭಜನೆಯಾದಾಗ ಅವರು ಮಾಡಿದ ಕೆಲಸ ನಮ್ಮಲ್ಲಿ ಅಷ್ಟು ಗೊತ್ತಿಲ್ಲ. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ಪಾಕಿಸ್ತಾನದಿಂದ ಎಲ್ಲ ಕಳೆದುಕೊಂಡು ಬಂದವರನ್ನು ಸಹಕಾರ ಸಂಘಗಳಲ್ಲಿ ಒಗ್ಗೂಡಿಸಿದರು. ವಾಯವ್ಯ ಗಡಿನಾಡಿನಿಂದ ಬಂದವರಿಗಾಗಿ ದೆಹಲಿ ಪಕ್ಕದ ಫರೀದಾಬಾದ್‌ನಲ್ಲಿ ಊರು ಕಟ್ಟುವ ಕೆಲಸದಲ್ಲಿ ಕೈಜೋಡಿಸಿದರು.

ಇನ್ನೊಬ್ಬರು ಉತ್ತರ ಪ್ರದೇಶದ ಬೇಗಂ ಅನೀಸ್ ಕಿದ್ವಾಯಿ. ಅವರ ಪತಿ ಶಫಿ ಅಹ್ಮದ್ ಕಿದ್ವಾಯಿ ಮಸ್ಸೂರಿಯಲ್ಲಿ ಸರ್ಕಾರಿ ಹುದ್ದೆಯಲ್ಲಿದ್ದರು. 1947ರ ಅಕ್ಟೋಬರ್‌ನಲ್ಲಿ ಗಲಭೆಕೋರರು ಅವರನ್ನು ಕೊಂದರು. ವಿಧವೆಯಾದ ಅನೀಸ್ ದೆಹಲಿಗೆ ಗಾಂಧೀಜಿಯ ಬಳಿ ಹೋದರು. ಅಲ್ಲಿಂದ ನೇರ ಪುರಾನಾ ಕಿಲಾ ಮತ್ತು ಹುಮಾಯೂನನ ಸಮಾಧಿಯ ನಿರಾಶ್ರಿತರ ಶಿಬಿರಗಳಿಗೆ. ಗಾಯಗೊಂಡವರ ಆರೈಕೆ, ಹೆಣಗಳಿಗೆ ಕಫನ್, ಅಪಹರಣಕ್ಕೊಳಗಾದ ಹೆಣ್ಣುಮಕ್ಕಳ ಹುಡುಕಾಟ. ಅಪಹರಣಕ್ಕೊಳಗಾದವರು ಎರಡೂ ಕಡೆಯವರು. ಅವರಿಗಾಗಿ ದುಡಿಯುವಾಗ ಈಕೆ ತನ್ನ ಗಂಡನನ್ನು ಕೊಂದವರು ಯಾವ ಕಡೆಯವರು ಎಂಬ ಲೆಕ್ಕ ಇಡಲಿಲ್ಲ. ಆ ದಿನಗಳ ನೆನಪನ್ನು ಉರ್ದುವಿನಲ್ಲಿ ‘ಆಜಾದಿ ಕಿ ಛಾಂವ್ ಮೇಂ’ ಎಂದು ಬರೆದರು. ಅದು 1974ರಲ್ಲಿ ಪ್ರಕಟವಾಯಿತು. ಮುಂದೆ ರಾಜ್ಯಸಭೆಯ ಸದಸ್ಯರೂ ಆಗಿದ್ದರು. ಇದ್ದತ್‌ನ ದಿನಗಳ ದುಃಖವನ್ನು ಎದೆಯಲ್ಲಿಟ್ಟುಕೊಂಡು ಇತರರ ಕಣ್ಣೀರು ಒರೆಸಲು ಹೊರಟ ಈ ಹೆಂಗಸಿನ ಕಥೆಯನ್ನು ನಮ್ಮ ಹೆಣ್ಣುಮಕ್ಕಳಿಗೆ ನಾವು ಎಷ್ಟು ಹೇಳಿದ್ದೇವೆ?

ಈ ಹಾದಿಗೆ ಬರುವುದು ಹೇಗೆ?

ಮೊದಲ ದಾರಿ ಕಾನೂನು. ಪಿಯುಸಿ ಆದ ಮೇಲೆ 5 ವರ್ಷದ ಕೋರ್ಸು, ಪದವಿ ಆದ ಮೇಲೆ 3 ವರ್ಷದ ಎಲ್‌ಎಲ್‌.ಬಿ. ಇದಕ್ಕೆ ದೂರ ಹೋಗಬೇಕಿಲ್ಲ. ತುಮಕೂರಿನಲ್ಲೇ ವಿದ್ಯೋದಯ ಕಾನೂನು ಕಾಲೇಜಿದೆ. ಗುಬ್ಬಿ, ಕುಣಿಗಲ್‌ನ ಹುಡುಗಿಯರೂ ಮನೆಯಿಂದಲೇ ಹೋಗಿ ಬರಬಹುದು. ಚೆನ್ನಾಗಿ ಓದುವವರು ಕ್ಲಾಟ್ ಪರೀಕ್ಷೆ ಬರೆದು ಬೆಂಗಳೂರಿನ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಪ್ರಯತ್ನಿಸಬಹುದು. ಅಲ್ಲಿ ಶುಲ್ಕ ಹೆಚ್ಚು. ವಿದ್ಯಾರ್ಥಿವೇತನದ ವಿಷಯ ಮೊದಲೇ ವಿಚಾರಿಸಿಕೊಳ್ಳಬೇಕು. ಪದವಿ ಮುಗಿದ ಮೇಲೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸು ಮಾಡಿ ವಕೀಲಿಕೆ ಶುರು ಮಾಡಬಹುದು. ನ್ಯಾಯನಿರ್ಣಯದ ಕೆಲಸಕ್ಕೆ ಬರುವವರು ಸಾಮಾನ್ಯವಾಗಿ ಹೀಗೆ ಕೆಲವು ವರ್ಷ ದುಡಿದು ಅನುಭವ ಪಡೆದವರೇ.

ಎರಡನೆಯ ದಾರಿ ಭಾಷೆ. ಒಳ್ಳೆಯ ದುಭಾಷಿ ಇಲ್ಲದಿದ್ದರೆ ಇಡೀ ವಿಚಾರಣೆಯೇ ದಾರಿ ತಪ್ಪುತ್ತದೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಮದ್ರಸದಲ್ಲಿ ಅರಬಿ ಓದು ಸಿಗುತ್ತದೆ. ಉರ್ದು ಬಲ್ಲವರಿಗೆ ಅಫ್ಘಾನರ ದರಿ ಭಾಷೆಯ ಲಿಪಿ ಹೊಸದಲ್ಲ. ಆದರೆ ಕುರ್‌ಆನ್ ಓದಲು ಬಂದರೆ ಅರಬಿ ಬಂದ ಹಾಗಲ್ಲ. ಮಾತನಾಡುವ ಅರಬಿ ಬೇರೆಯೇ ಕಲಿಯಬೇಕು. ದುಭಾಷಿಗೆ ಒಂದು ನಿಯಮ ಇದೆ. ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು, ಕೇಳಿದ್ದನ್ನು ಹೊರಗೆ ಹೇಳಬಾರದು. ಅಮಾನತ್ ಎಂದರೆ ಇದೇ.

ಮೂರನೆಯದು ಸಮಾಜ ಕಾರ್ಯ, ಮನಃಶಾಸ್ತ್ರ. ಎಂ.ಎಸ್.ಡಬ್ಲ್ಯೂ. ಮಾಡಿದವರು ಶಿಬಿರಗಳಲ್ಲಿ, ಮಕ್ಕಳ ರಕ್ಷಣೆಯಲ್ಲಿ, ಆಪ್ತ ಸಲಹೆಯಲ್ಲಿ ಕೆಲಸ ಮಾಡುತ್ತಾರೆ. ದೆಹಲಿಯಲ್ಲಿ 2013ರಲ್ಲಿ ಆರಂಭವಾದ ಮೈಗ್ರೇಷನ್ ಅಂಡ್ ಅಸೈಲಂ ಪ್ರಾಜೆಕ್ಟ್ ನಿರಾಶ್ರಿತರಿಗೆ ಕಾನೂನು ನೆರವು ಕೊಡಲೆಂದೇ ಹುಟ್ಟಿದ ಸಂಸ್ಥೆ. ಹ್ಯೂಮನ್ ರೈಟ್ಸ್ ಲಾ ನೆಟ್‌ವರ್ಕ್ ಕೂಡ ಇಂಥ ಮೊಕದ್ದಮೆಗಳನ್ನು ನಡೆಸಿದೆ. ಓದುವಾಗಲೇ ಅನುಭವ ಬೇಕೆಂದರೆ ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆಕಾನೂನು ಸ್ವಯಂಸೇವಕರ ಆಯ್ಕೆ ಯಾವಾಗ ಎಂದು ವಿಚಾರಿಸಿ. ಅರ್ಜಿ ಬರೆಯುವುದು, ಅಳುವವರ ಮಾತನ್ನು ತಾಳ್ಮೆಯಿಂದ ಕೇಳುವುದು ಅಲ್ಲಿಂದಲೇ ಶುರುವಾಗಲಿ.

ಕಷ್ಟಗಳನ್ನೂ ಹೇಳಬೇಕು. ಸಂಬಳ ದೊಡ್ಡದಲ್ಲ. ಬಹಳಷ್ಟು ಕೆಲಸಗಳು ಒಂದು ವರ್ಷ, ಎರಡು ವರ್ಷದ ಗುತ್ತಿಗೆಯವು. ದೇಣಿಗೆ ನಿಂತರೆ ಕೆಲಸವೂ ನಿಲ್ಲುತ್ತದೆ. ಆರಂಭದಲ್ಲಿ ದೆಹಲಿ, ಚೆನ್ನೈ ಎಂದು ಹೊರಗೆ ಇರಬೇಕಾಗಬಹುದು. ದಿನವಿಡೀ ಕೇಳಿದ ಕಥೆಗಳು ರಾತ್ರಿ ನಿದ್ದೆಗೆಡಿಸುತ್ತವೆ. ತಂದೆತಾಯಿಯ ಚಿಂತೆ ಸಹಜವೇ. ಮಗಳ ಸುರಕ್ಷತೆ, ಮದುವೆ ಎರಡೂ ಮನೆಯವರ ಮನಸ್ಸಿನಲ್ಲಿರುತ್ತದೆ. ಆದರೆ ಒಂದು ಮಾತು ಯೋಚಿಸಿ. ನಾಳೆ ನಮ್ಮದೇ ಹೆಣ್ಣುಮಗಳೊಬ್ಬಳು ಎಲ್ಲೋ ಒಂದು ಕಚೇರಿಯಲ್ಲಿ ತನ್ನ ಅವಮಾನದ ಕಥೆ ಹೇಳಬೇಕಾಗಿ ಬಂದರೆ, ಎದುರಿನ ಕುರ್ಚಿಯಲ್ಲಿ ಒಬ್ಬ ಹೆಂಗಸು ಕೂತಿರಲಿ ಎಂದು ನಾವು ಬಯಸುತ್ತೇವೆ. ಆ ಹೆಂಗಸು ಯಾರದೋ ಮನೆಯಿಂದ ಬರಬೇಕಲ್ಲ?

ಇನ್ನೊಂದು ಎಚ್ಚರಿಕೆ. ‘ನಮ್ಮವರಿಗಾಗಿ’ ಮಾತ್ರ ಈ ಕೆಲಸಕ್ಕೆ ಬರುವುದಾದರೆ ಬರಬೇಡಿ. ಮುಂದೆ ಕೂತವಳು ಟಿಬೆಟ್ಟಿನ ಬೌದ್ಧಳಿರಬಹುದು, ಮ್ಯಾನ್ಮಾರ್‌ನ ಕ್ರೈಸ್ತಳಿರಬಹುದು, ಪಾಕಿಸ್ತಾನದ ಹಿಂದೂ ಇರಬಹುದು, ರೊಹಿಂಗ್ಯಾ ಇರಬಹುದು. ಹೆಸರು ಕೇಳಿ ತೀರ್ಮಾನ ಮಾಡುವುದು ಅನ್ಯಾಯ ಎಂದು ನಾವು ದೂರುತ್ತೇವೆ. ಆ ದೂರು ನಮ್ಮ ಮೇಲೆ ಬಾರದಿರಲಿ.

ನಮ್ಮ ಮನೆಯ ಪೆಟ್ಟಿಗೆ

ಕೊನೆಗೆ ಎಲ್ಲ ಓದುಗರಿಗೂ, ಮಗಳಿಗೆ ಕಾನೂನು ಓದಿಸದವರಿಗೂ ಒಂದು ಮಾತು. ಅಸ್ಸಾಮಿನಲ್ಲಿ 2019ರ ಆಗಸ್ಟ್ 31ರಂದು ಬಂದ ಪೌರರ ನೋಂದಣಿಯ ಅಂತಿಮ ಪಟ್ಟಿಯಲ್ಲಿ 19 ಲಕ್ಷಕ್ಕೂ ಹೆಚ್ಚು ಜನರ ಹೆಸರು ಇರಲಿಲ್ಲ. ಹೆಂಗಸರಿಗೆ ಅಲ್ಲಿ ಒಂದು ವಿಶೇಷ ತೊಂದರೆ ಇತ್ತು. ಶಾಲೆಗೆ ಹೋಗಲಿಲ್ಲ, ಆದ್ದರಿಂದ ಶಾಲೆಯ ದಾಖಲೆ ಇಲ್ಲ. ಹುಟ್ಟಿದ್ದು ಮನೆಯಲ್ಲಿ, ಆದ್ದರಿಂದ ಜನನ ಪತ್ರ ಇಲ್ಲ. ಬೇಗ ಮದುವೆಯಾಗಿ ಬೇರೆ ಊರಿಗೆ ಹೋದರು. ತಾನು ತನ್ನ ತಂದೆಯ ಮಗಳು ಎಂದು ತೋರಿಸಲು ಒಂದು ಚೂರು ಕಾಗದವೂ ಇಲ್ಲ! ಇಂಥ ಹೆಂಗಸರು ತಂದ ಪಂಚಾಯಿತಿ ಪತ್ರಗಳನ್ನು ಪರಿಶೀಲಿಸಿ ಒಪ್ಪಬಹುದು ಎಂದು 2017ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಅದೇ ರಾಜ್ಯದ ಒಬ್ಬರನ್ನು 2012ರಲ್ಲಿ ನ್ಯಾಯಮಂಡಳಿ ವಿದೇಶೀಯ ಎಂದು ಘೋಷಿಸಿತ್ತು. ಹೆಸರಿನ ಕಾಗುಣಿತ, ದಿನಾಂಕಗಳ ಸಣ್ಣ ವ್ಯತ್ಯಾಸದಿಂದ ಯಾರೂ ವಿದೇಶೀಯರಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ಕೊಟ್ಟಿತು. ನ್ಯಾಯ ಸಿಗಲು 12 ವರ್ಷ ಬೇಕಾಯಿತು.

ಇದು ಹೆದರಿಸಲು ಹೇಳಿದ್ದಲ್ಲ. ಹೆದರಿಕೆ ಬೇಡ, ಕ್ರಮ ಇರಲಿ. ನಮ್ಮಲ್ಲಿ ಒಂದೇ ಹೆಂಗಸು ರೇಷನ್ ಕಾರ್ಡಿನಲ್ಲಿ ಬೀ, ಆಧಾರ್‌ನಲ್ಲಿ ಬಾನು, ಮತದಾರರ ಪಟ್ಟಿಯಲ್ಲಿ ಬೇಗಂ! ಒಂದು ದಿನ ಮಧ್ಯಾಹ್ನ ಬಿಡುವು ಮಾಡಿಕೊಂಡು ಕಾಗದಗಳನ್ನೆಲ್ಲ ಹರಡಿಕೊಂಡು ಕೂರಿ. ನಿಮ್ಮ ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. ಇಲ್ಲದಿದ್ದರೆ ತಿದ್ದಿಸಿ. ಶಾಲೆಯ ವರ್ಗಾವಣೆ ಪತ್ರ, ನಿಕಾಹ್‌ನಾಮಾ, ಮಕ್ಕಳ ಜನನ ಪತ್ರ, ತವರಿನ ಪಹಣಿ ಅಥವಾ ಹಳೆಯ ಮತದಾರರ ಪಟ್ಟಿಯ ಪ್ರತಿ, ಇವನ್ನು ಒಂದೇ ಕಡೆ ಇಡಿ. ಸೊಸೆಯಾಗಿ ಬಂದ ಹುಡುಗಿಯ ತವರಿನ ದಾಖಲೆಗಳನ್ನು ‘ಇನ್ನೇನು ಬೇಕು’ ಎಂದು ಬಿಸಾಡಬೇಡಿ. ತೊಡಕು ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯಂತೆ ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗಬೇಕು.

ಮಗಳು ವಕೀಲೆಯಾಗುವಳೋ ಇಲ್ಲವೋ ಮುಂದೆ ನೋಡೋಣ. ಆ ಮಧ್ಯಾಹ್ನ ಕಾಗದ ಹರಡಿಕೊಂಡು ಕೂತಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅಜ್ಜಿಯನ್ನೂ ಕರೆಯಿರಿ. ಅಜ್ಜಿ ಹೇಳುವ ಕೆರೆ ಕೋಡಿ ಬಿದ್ದ ವರ್ಷ ಯಾವುದು ಎಂದು ಅವಳೇ ಲೆಕ್ಕ ಹಾಕಿ ಬರೆದುಕೊಳ್ಳಲಿ. ಅಜ್ಜಿ ತಡವರಿಸಿದರೆ ಅವಸರ ಮಾಡದೆ ಕಾಯಲಿ. ಈ ವೃತ್ತಿಯ ಮೊದಲ ಪಾಠ ಅದೇ.